ಕಹಿ ಫಲ ಯಾರ ಪಾಲಿಗೆ

1944ರಲ್ಲಿ ರಂಗನಾಥ ರಾಮಚಂದ್ರ ದಿವಾಕರರು ತಾವಾಗಿಯೇ ಬ್ರಿಟಿಷ್ ಸರಕಾರಕ್ಕೆ ಒಪ್ಪಿಸಿಕೊಂಡರು. 1942ರಿಂದ ಭೂಗತರಾಗಿದ್ದವರು ಅವರು. ಕರ್ನಾಟಕದ ಚಲೇಜಾವ್ ಚಳವಳಿ ಯಾರ ಮಾತಿನ ಮೇಲೆ ನಡೆಯಿತೋ ಅವರಲ್ಲಿ ಮುಖ್ಯರು. ಅಂಥವರು ಹೊರಗೆ ಬಂದದ್ದು ಗಾಂಧೀಜಿಯವರ ಸಲಹೆಯಂತೆ. ಆ ವರ್ಷದ ಮೇ 6ರಂದು ಬಿಡುಗಡೆಯಾಗಿ ಬಂದ ಗಾಂಧೀಜಿಯವರಿಗೆ, ಮರೆಯಲ್ಲಿದ್ದು ಹೋರಾಡುವುದು ಸತ್ಯಾಗ್ರಹಕ್ಕೆ ಹೊಂದುವ ರೀತಿಯಾಗಿ ಕಾಣಲಿಲ್ಲ. ಗುಟ್ಟು ಎಂಬುದೇ ಒಂದು ಪಾಪ ಎಂದರು. ಅಡಗಿದ್ದವರು ಪ್ರಕಟರಾಗಲಿ ಎಂದು ಸೂಚಿಸಿದರು. ಅರುಣಾ ಅಸಫ್ ಅಲಿಯವರಿಗೂ ಹಾಗೆಯೇ ಬರೆದರು. ಆಕೆ ಒಪ್ಪಲಿಲ್ಲ, 1946ರಲ್ಲಿ ವಾರಂಟು ರದ್ದಾದ ಮೇಲೆಯೇ ಹೊರಬಂದರು. ದಿವಾಕರರು ಒಪ್ಪಿದರು.

ಇದಾದ ಎಂಟು ವರ್ಷಕ್ಕೆ, 1952ರ ಜೂನ್‌ನಲ್ಲಿ, ಇದೇ ದಿವಾಕರರು ಬಿಹಾರದ ರಾಜ್ಯಪಾಲರಾಗಿ ಪಟ್ನಾಕ್ಕೆ ಹೋದರು. ನಮ್ಮ ಧಾರವಾಡದ ಹಿರಿಯರು ಅವರ ಮಾತು ತೆಗೆದಾಗ ಹೆಚ್ಚಾಗಿ ಹೇಳುವುದು ಇದನ್ನೇ: ಪತ್ರಿಕೆ ನಡೆಸಿದ ನಮ್ಮೂರಿನವರು ಗವರ್ನರ್ ಆದರು ಎಂದು. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಬಹಳ ವರ್ಷ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತಳಾದ ನನ್ನನ್ನು ಬಿಡದೆ ಕಾಡಿದ್ದು 1944ರ ಆ ನಿರ್ಧಾರ. ಗುಟ್ಟು ನಿಜಕ್ಕೂ ಪಾಪವೇ? ಪಾಪವಾದರೆ ಎಲ್ಲ ಗುಟ್ಟೂ ಪಾಪವೇ? ಹಾಗಾದರೆ ಮುಂದೆ ಮಂತ್ರಿಯಾಗಿ, ರಾಜ್ಯಪಾಲರಾಗಿ ಇದೇ ಮನುಷ್ಯ ಬಾಯಿ ಕಟ್ಟಿಕೊಂಡು ಇರಬೇಕಾಯಿತಲ್ಲ, ಅದನ್ನು ಏನೆನ್ನಬೇಕು?

ಸತ್ಯದ ಪಾಠ ಬಂದಾಗ ತರಗತಿಯಲ್ಲಿ ನಾನು ಕರ್ಣಪರ್ವದ ಕೌಶಿಕನ ಕಥೆ ಹೇಳುತ್ತಿದ್ದೆ. ಎಂದೂ ಸುಳ್ಳಾಡೆನೆಂದು ವ್ರತ ತೊಟ್ಟ ತಪಸ್ವಿ ಅವನು. ಕಳ್ಳರಿಗೆ ಹೆದರಿ ಓಡಿಬಂದ ಜನ ಅವನ ಕಣ್ಣೆದುರಿಗೇ ಕಾಡು ಹೊಕ್ಕು ಅಡಗುತ್ತಾರೆ. ಬೆನ್ನಟ್ಟಿ ಬಂದ ಕಳ್ಳರು ಕೇಳಿದಾಗ ಕಂಡದ್ದನ್ನು ಕಂಡಂತೆ ಹೇಳಿಬಿಡುತ್ತಾನೆ. ಅಡಗಿದವರು ಸಾಯುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಕೃಷ್ಣ ಈ ಕಥೆಯನ್ನು ಅರ್ಜುನನಿಗೆ ಹೇಳುವುದು, ಗಾಂಡೀವವನ್ನು ಹಳಿದ ಅಣ್ಣನನ್ನೇ ಕೊಲ್ಲುತ್ತೇನೆಂದು ಅವನು ಕತ್ತಿ ಹಿರಿದು ನಿಂತಾಗ. ವ್ರತ ಉಳಿಸಿಕೊಳ್ಳುವ ಹಟದಲ್ಲಿ ಧರ್ಮ ಮುರಿಯಬೇಡ ಎಂಬುದು ಅಲ್ಲಿಯ ಮಾತು. ಈ ಕಥೆ ವಿದ್ಯಾರ್ಥಿಗಳಿಗೆ ಬಲು ಇಷ್ಟ. ಕೇಳಿದ ಕೂಡಲೇ ಸುಳ್ಳಿಗೆ ಪರವಾನಿಗೆ ಸಿಕ್ಕಿತೆಂಬಂತೆ ಮುಖ ಅರಳುತ್ತಿತ್ತು. ಆಗ ನಾನು ಅವರನ್ನು ವಿರಾಟನಗರಕ್ಕೆ ಕರೆದುಕೊಂಡು ಹೋಗುತ್ತಿದ್ದೆ.

ಅಲ್ಲಿ ಧರ್ಮರಾಯನೇ ಕಂಕಭಟ್ಟನೆಂದು ಹೆಸರು ಹೇಳಿಕೊಂಡು ವರ್ಷವಿಡೀ ಅಡಗಿರುತ್ತಾನೆ. ದೊರೆಯ ಎದುರಿಗೆ ನಿಂತು ತಾನು ಯುಧಿಷ್ಠಿರನ ಗೆಳೆಯನಾಗಿದ್ದೆ ಎನ್ನುತ್ತಾನೆ. ಸತ್ಯವಂತ ಎಂದೊಡನೆ ನೆನಪಾಗುವ ಮನುಷ್ಯನ ಬಾಯಲ್ಲಿ ದಿನಬೆಳಗಾದರೆ ಸುಳ್ಳು. ಮಹಾಭಾರತ ಅದಕ್ಕಾಗಿ ಅವನಿಗೆ ಯಾವ ಶಿಕ್ಷೆಯನ್ನೂ ಕೊಡುವುದಿಲ್ಲ. ಕುರುಕ್ಷೇತ್ರದಲ್ಲಿ ಅಶ್ವತ್ಥಾಮ ಸತ್ತನೆಂದು ಹೇಳಿದ ಒಂದೇ ಮಾತಿಗೆ ಮಾತ್ರ, ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯುತ್ತದೆ; ಕೊನೆಗೆ ನರಕವನ್ನು ಕಣ್ಣಾರೆ ಕಾಣಬೇಕಾಗುತ್ತದೆ. ಒಂದು ವರ್ಷದ ಸುಳ್ಳಿಗೆ ಇಲ್ಲದ ಶಿಕ್ಷೆ ಒಂದು ಮಾತಿಗೆ ಏಕೆ?

ನನಗೆ ತೋಚಿದ ಉತ್ತರ ಇದು. ಅಜ್ಞಾತವಾಸ ಬಯಲಾಗಿದ್ದರೆ ಮತ್ತೆ ಹನ್ನೆರಡು ವರ್ಷ ಕಾಡಿಗೆ ಹೋಗಬೇಕಾದವರು ಪಾಂಡವರೇ. ಗುಟ್ಟಿನ ಭಾರವನ್ನೆಲ್ಲ ಅವರೇ ಹೊತ್ತಿದ್ದರು. ಆಶ್ರಯ ಕೊಟ್ಟ ವಿರಾಟನ ದನಗಳನ್ನು ಕೌರವರು ಹಿಡಿದಾಗ, ಗುರುತು ಸಿಕ್ಕೀತು ಎಂದು ಅಂಜಿ ಕೂಡದೆ ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ರಥ ಏರಿದ. ಕಂಕನ ಮುಖಕ್ಕೆ ದೊರೆ ಪಗಡೆಕಾಯಿಯಿಂದ ಹೊಡೆದಾಗಲೂ ಅವನು ಸೈರಿಸಿದ. ಅನ್ನ ಕೊಟ್ಟವರ ಋಣ ತೀರಿಸಿ, ಆಮೇಲೆ ಹೆಸರು ಹೇಳಿದರು. ಅಶ್ವತ್ಥಾಮನ ಸುಳ್ಳಿನಲ್ಲಿ ಹಾಗಲ್ಲ. ಆಡಿದವನು ಧರ್ಮರಾಯ, ಅನುಭವಿಸಿದವನು ದ್ರೋಣ. ನಂಬಿದವನ ಕೊರಳಿಗೇ ಅದು ಬಿತ್ತು.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ದಿವಾಕರರ ಬದುಕನ್ನು ನೋಡಬೇಕೆಂದು ನನ್ನ ಆಸೆ.

1894ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು 1921ರಲ್ಲಿ ಅಲ್ಲಿಂದಲೇ ‘ಕರ್ಮವೀರ’ ವಾರಪತ್ರಿಕೆ ತೆಗೆದರು. ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಬಂದ ‘ಸಂಯುಕ್ತ ಕರ್ನಾಟಕ’ವನ್ನು ಲೋಕಶಿಕ್ಷಣ ಟ್ರಸ್ಟಿನ ಮೂಲಕ ನಿಲ್ಲಿಸಿ ಬೆಳೆಸಿದವರಲ್ಲಿ ಮೊಹರೆ ಹಣಮಂತರಾಯರು, ಕಬ್ಬೂರ ಮಾಧವರಾಯರು ಮುಂತಾದವರ ಜೊತೆ ಇವರೂ ಒಬ್ಬರು. ಆಗ ಪತ್ರಿಕೆ ನಡೆಸುವುದೆಂದರೆ ಏನೆಂಬುದನ್ನು ನಾವು ಇಂದು ಮರೆತಿದ್ದೇವೆ. 1867ರ ಕಾಯದೆಯ ಪ್ರಕಾರ ಪ್ರತಿ ಸಂಚಿಕೆಯ ಮೇಲೂ ಮುದ್ರಕರು, ಪ್ರಕಾಶಕರು ಯಾರು, ಅಚ್ಚಾದದ್ದು ಎಲ್ಲಿ ಎಂಬುದನ್ನು ಅಚ್ಚು ಮಾಡಲೇಬೇಕಿತ್ತು. ಕೊನೆಯ ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಇರುವ ಆ ಸಾಲನ್ನು ಓದುಗರು ಓದುವುದಿಲ್ಲ. ಪೊಲೀಸರು ಮೊದಲು ಓದುತ್ತಿದ್ದದ್ದು ಅದನ್ನೇ. ಒಳಗಿನ ಲೇಖನ ಯಾರೇ ಬರೆದಿರಲಿ, ರಾಜದ್ರೋಹದ ಖಟ್ಲೆ ಬಂದರೆ ಕೋರ್ಟಿನ ಕಟಕಟೆ ಹತ್ತಬೇಕಾದದ್ದು ಆ ಸಾಲಿನಲ್ಲಿರುವ ಹೆಸರು. ಹೆಸರಿಲ್ಲದೆ ಲೇಖನ ಬರೆಯುವವನು ತಪ್ಪಿಸಿಕೊಳ್ಳಬಹುದಿತ್ತು, ಪ್ರಕಾಶಕ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಾತಿಗೆ ಹೊಣೆ ಹೊರುವುದೆಂದರೇನು ಎಂಬುದನ್ನು ದಿವಾಕರರು ಕಲಿತದ್ದು ಇಲ್ಲಿ ಎಂದು ನನ್ನ ನಂಬಿಕೆ. ಉಪನಿಷತ್ತುಗಳ ಮೇಲೆ, ವಚನಗಳ ಮೇಲೆ ಅವರು ಬರೆದ ಪುಸ್ತಕಗಳಿಗಿಂತ ಮೊದಲ ಪಾಠಶಾಲೆ ಆ ಅಚ್ಚಿನ ಮನೆ. 1938ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕರೆದಾಗ ಕನ್ನಡಿಗರು ಗೌರವಿಸಿದ್ದು ಸಾಹಿತಿಯನ್ನು ಮಾತ್ರವಲ್ಲ, ಹೀಗೆ ಹೆಸರು ಕೊಟ್ಟು ನಿಂತ ಮನುಷ್ಯನನ್ನೂ.

ಅಂಥವರು 1942ರಲ್ಲಿ ಹೆಸರು ಮರೆಸಿಕೊಳ್ಳಬೇಕಾಯಿತು. ಆಗಸ್ಟ್ 9ರ ಬೆಳಗಿನ ಜಾವ ಗಾಂಧೀಜಿ ಮೊದಲಾಗಿ ಮುಖಂಡರೆಲ್ಲ ಬಂಧಿತರಾದರು. ಹೊರಗುಳಿದವರು ಒಂದೋ ಜೈಲಿಗೆ ಹೋಗಬೇಕಿತ್ತು, ಇಲ್ಲವೇ ಅಡಗಿ ಚಳವಳಿ ಉಳಿಸಬೇಕಿತ್ತು. ಮುಂದಿನದನ್ನು ಇತಿಹಾಸಕಾರರು ಎಣಿಸಿ ಇಟ್ಟಿದ್ದಾರೆ: ಕರ್ನಾಟಕವೊಂದರಲ್ಲೇ 1600 ಕಡೆ ತಂತಿ ಕತ್ತರಿಸಲಾಯಿತು, 26 ರೈಲು ನಿಲ್ದಾಣಗಳ ಮೇಲೆ, 32 ಅಂಚೆ ಕಚೇರಿಗಳ ಮೇಲೆ ದಾಳಿ ನಡೆಯಿತು. ದಂಡಿಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದಿದ್ದ ನಮ್ಮ ಮೈಲಾರ ಮಹಾದೇವಪ್ಪ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ತಿರಕಪ್ಪ, ವೀರಯ್ಯ ಎಂಬ ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಸರಕಾರ ಸಾಮೂಹಿಕ ದಂಡದ ಸುಗ್ರೀವಾಜ್ಞೆ ತಂದಿತ್ತು. ತಂತಿ ಕತ್ತರಿಸಿದವರು ಸಿಗದಿದ್ದರೆ ಊರಿಗೆ ಊರೇ ದಂಡ ಕಟ್ಟಬೇಕು.

ನಮ್ಮ ತಾಯಿಯ ತವರೂರು ವರದಾ ನದಿಯ ದಂಡೆಯಲ್ಲಿದೆ, ಹೊಸರಿತ್ತಿಯಿಂದ ಬಹಳ ದೂರವಿಲ್ಲ. ಆ ಕಾಲದಲ್ಲಿ ಅಜ್ಜಿಯ ಮನೆಯ ಜೋಳದ ಹಗೇವಿನಲ್ಲಿ ಪತ್ರಕಗಳ ಗಂಟು ಇರುತ್ತಿತ್ತು. ಒಮ್ಮೆ ರಾತ್ರಿ ಹುಡುಗನೊಬ್ಬ ಬಂದ, ಹಿತ್ತಿಲ ಕಣಿಕಿ ಬಣವಿಯ ಹಿಂದೆ ಮಲಗಿದ್ದ. ಅಜ್ಜಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಹೆಸರು ಕೇಳಬಾರದೆಂದು ಅಜ್ಜ ಮೊದಲೇ ಹೇಳಿದ್ದ. ಬೆಳಿಗ್ಗೆ ಪೊಲೀಸರು ಬಂದಾಗ ಅವಳು ಬಾಗಿಲಲ್ಲಿ ನಿಂತು, ‘ನಮ್ಮನ್ಯಾಗ ಯಾರೂ ಬಂದಿಲ್ರಿ’ ಎಂದಳು. ಹುಡುಗ ಪಾರಾದ. ಕೆಲವು ದಿನದಲ್ಲಿ ಊರಿಗೆ ದಂಡ ಬಿತ್ತು. ಅಜ್ಜ ಎತ್ತು ಮಾರಿದ. ಆ ಹಂಗಾಮಿನಲ್ಲಿ ಹೊಲ ಉಳಲಿಕ್ಕೆ ಪಕ್ಕದವರ ಎತ್ತು ಬೇಡಬೇಕಾಯಿತು.

ನಾನು ಕಾಲೇಜಿಗೆ ಹೋಗುವಾಗ ಅಜ್ಜಿಯನ್ನು ಕೇಳಿದ್ದೆ: ‘ಅಜ್ಜೀ, ಸುಳ್ಳ ಹೇಳಿದ್ದಕ್ಕ ನಿನಗ ಕೆಟ್ಟ ಅನಿಸಲಿಲ್ಲ?’

‘ಯಾಕ ಕೆಟ್ಟ ಅನಸ್ತದವಾ? ಒಂದು ಜೀವ ಉಳೀತಲ್ಲ,’ ಎಂದಳು. ಆಮೇಲೆ ಸುಮ್ಮನೆ ಕೂತು, ‘ಆದರ ಅವ ಒಂದ ಸಲ ಬಂದು ತನ್ನ ಹೆಸರ ಹೇಳಿ ಹೋಗಬೇಕಿತ್ತು. ಯಾರ ಸಲುವಾಗಿ ಎತ್ತ ಮಾರಿದಿವಿ ಅನ್ನೂದು ಗೊತ್ತಾಗಲಿಲ್ಲ,’ ಎಂದಳು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಎತ್ತಿನ ದುಡ್ಡನ್ನು ಯಾರಾದರೂ ತಿರುಗಿ ಕೊಡಲೆಂದು ಅವಳು ಕಾಯಲೂ ಇಲ್ಲ. ಆದರೂ ಶಾಸ್ತ್ರಗ್ರಂಥಗಳಲ್ಲಿ ನಾನು ಹುಡುಕುತ್ತಿದ್ದದ್ದು ಅಲ್ಲಿತ್ತು. ಸುಳ್ಳಿನ ಬಗ್ಗೆ ಅಜ್ಜಿಗೆ ಸಂಕೋಚವಿಲ್ಲ, ಏಕೆಂದರೆ ಅದರ ಅಪಾಯ ತನ್ನ ತಲೆಯ ಮೇಲೆ ತಾನೇ ಎಳೆದುಕೊಂಡದ್ದು. ಅವಳನ್ನು ಚುಚ್ಚಿದ್ದು ಹೆಸರಿಲ್ಲದ ಹೊಣೆ. ಒಬ್ಬರು ಮಾಡಿದ ಕೆಲಸದ ಫಲ ಇನ್ನೊಬ್ಬರ ಕೊಟ್ಟಿಗೆಗೆ ಬಂದು ಬೀಳುತ್ತದೆ, ಮಾಡಿದವನು ಯಾರೆಂದೂ ತಿಳಿಯುವುದಿಲ್ಲ.

ಭಗವದ್ಗೀತೆಯನ್ನು ನಾವು ಓದುವ ರೀತಿಯಲ್ಲೇ ಒಂದು ಎಡವಟ್ಟಿದೆ. ಫಲದ ಆಸೆ ಬಿಡು ಎಂಬ ಉಪದೇಶ ಬಾಯಿಪಾಠವಾಗಿದೆ. ಫಲವೆಂದರೆ ನಮ್ಮ ಮನಸ್ಸಿಗೆ ಬರುವುದು ಸಿಹಿಯೇ: ಹೊಗಳಿಕೆ, ಗೆಲುವು, ಪದವಿ. ಅದನ್ನು ಬಿಟ್ಟವನು ದೊಡ್ಡವನೆಂದು ಕೈಮುಗಿಯುತ್ತೇವೆ. ಆದರೆ ಕರ್ಮಕ್ಕೆ ಕಹಿ ಫಲವೂ ಉಂಟು. ಲಾಠಿ, ದಂಡ, ಜೈಲು, ಮಂದಿಯ ಬೈಗುಳ. ಅದನ್ನು ಬಿಡುವ ಅಧಿಕಾರವನ್ನು ಕೃಷ್ಣ ಯಾರಿಗೂ ಕೊಟ್ಟಿಲ್ಲ. ನಾನು ಬಿಟ್ಟ ಸಿಹಿ ಫಲ ಯಾರದೋ ಪಾಲಾದರೆ ಕೇಡಿಲ್ಲ. ನಾನು ಬಿಟ್ಟ ಕಹಿ ಫಲ ಇನ್ನೊಬ್ಬರ ಪಾಲಾದರೆ ಅದು ತ್ಯಾಗವಾಗುವುದಿಲ್ಲ, ಸಾಲ ಮಾಡಿ ಊರು ಬಿಟ್ಟಂತಾಗುತ್ತದೆ. ಗಾಂಧೀಜಿ ಗುಟ್ಟನ್ನು ಪಾಪವೆಂದದ್ದು ಇದಕ್ಕಾಗಿ ಎಂದು ನಾನು ತಿಳಿದಿದ್ದೇನೆ. ಸತ್ಯಾಗ್ರಹಿಯ ಬಲವೆಲ್ಲ ಅವನು ತನ್ನ ಮೈಮೇಲೆ ಎಳೆದುಕೊಳ್ಳುವ ಕಷ್ಟದಲ್ಲಿದೆ. ಅವನು ಅಡಗಿದೊಡನೆ ಆ ಕಷ್ಟಕ್ಕೆ ಬೇರೆ ಮೈ ಬೇಕಾಗುತ್ತದೆ. ಸಿಗುವುದು ಬಾಗಿಲಲ್ಲಿ ನಿಂತ ಹೆಣ್ಣುಮಗಳದು, ಹೊಲದಲ್ಲಿರುವ ರೈತನದು.

ಪಟ್ನಾದಲ್ಲಿ ಸಚಿವಾಲಯದ ಎದುರಿಗೆ ಏಳು ಮಂದಿ ತರುಣರ ಕಂಚಿನ ಪ್ರತಿಮೆಗಳಿವೆ, ದೇವಿಪ್ರಸಾದ ರಾಯ್ ಚೌಧುರಿಯವರು ಮಾಡಿದ್ದು. 1942ರ ಆಗಸ್ಟ್ 11ರಂದು ಹಾಡಹಗಲಲ್ಲಿ ಧ್ವಜ ಹಿಡಿದು ಸಚಿವಾಲಯದ ಮೇಲೆ ಏರಿಸಲು ಹೋದ ವಿದ್ಯಾರ್ಥಿಗಳು ಅವರು. ಏಳು ಜನರಿಗೂ ಗುಂಡು ಬಿತ್ತು. ಆ ಸ್ಮಾರಕದ ಅನಾವರಣವಾದದ್ದು 1956ರಲ್ಲಿ, ದಿವಾಕರರು ಅಲ್ಲಿಯ ರಾಜ್ಯಪಾಲರಾಗಿದ್ದಾಗ. ಎರಡು ವರ್ಷ ಅಡಗಿದ್ದವರು ಅಡಗದೆ ಸತ್ತ ಹುಡುಗರ ಊರಿನಲ್ಲಿ ಅಧಿಕಾರ ನಡೆಸಬೇಕಾಯಿತು. ಅವರ ಮನಸ್ಸಿನಲ್ಲಿ ಏನು ಹಾಯ್ದುಹೋಯಿತೋ ನಾನು ಊಹಿಸಿ ಬರೆಯುವುದಿಲ್ಲ. 1944ರಲ್ಲಿ ತಮ್ಮ ಹೆಸರನ್ನು ತಾವೇ ಹೇಳಿಕೊಂಡು ಬಂದವರಾದ್ದರಿಂದ ಆ ಪ್ರತಿಮೆಗಳನ್ನು ತಲೆಯೆತ್ತಿ ನೋಡುವ ಅರ್ಹತೆ ಅವರಿಗಿತ್ತು ಎಂದಷ್ಟೇ ಹೇಳಬಲ್ಲೆ.

ಅರುಣಾ ಅವರ ಪಕ್ಷಕ್ಕೂ ನ್ಯಾಯ ಒದಗಿಸಬೇಕು. ಎಲ್ಲರೂ ಶರಣಾದರೆ ಜನರಿಗೆ ದಿಕ್ಕು ತೋರುವವರು ಯಾರು, ಅನ್ಯಾಯದ ಸರಕಾರಕ್ಕೆ ನನ್ನ ಹೆಸರು ಹೇಳಬೇಕಾದ ಋಣವೇನಿದೆ ಎಂದು ಅವರ ಪರವಾಗಿ ಯಾರಾದರೂ ಕೇಳಬಹುದು. ಗಟ್ಟಿ ಪ್ರಶ್ನೆ. ಕೌಶಿಕನ ಕಥೆಯೂ ಆ ಕಡೆಗೇ ವಾಲುತ್ತದೆ. ನನ್ನ ಉತ್ತರವೆಂದರೆ, ಹೆಸರಿನ ಋಣ ಸರಕಾರಕ್ಕಲ್ಲ, ದಂಡ ಕಟ್ಟಿದ ಊರಿಗೆ. ಆ ಋಣ ತೀರಿಸುವ ದಾರಿ ಒಬ್ಬೊಬ್ಬರಿಗೆ ಒಂದೊಂದು ಇದ್ದೀತು. ದಿವಾಕರರಿಗೆ ಕಂಡದ್ದು ಜೈಲಿನ ಬಾಗಿಲು.

ಮುಂದಿನದು ಇನ್ನೂ ತೊಡಕಿನದು. ಸ್ವಾತಂತ್ರ್ಯ ಬಂದಮೇಲೆ ದಿವಾಕರರು ಸಂವಿಧಾನ ಸಭೆಯಲ್ಲಿದ್ದರು, ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾಗಿದ್ದರು. ಸಂವಿಧಾನದ ಮೂರನೆಯ ಅನುಸೂಚಿಯ ಪ್ರಕಾರ ಮಂತ್ರಿಯಾದವರು ಎರಡು ಪ್ರಮಾಣ ಮಾಡಬೇಕು. ಒಂದು ಅಧಿಕಾರದ್ದು, ಇನ್ನೊಂದು ಗೋಪ್ಯತೆಯದು. ತನ್ನ ಮುಂದೆ ಬಂದ ಸಂಗತಿಯನ್ನು ಕರ್ತವ್ಯಕ್ಕೆ ಬೇಕಾದಷ್ಟನ್ನು ಬಿಟ್ಟು ನೇರವಾಗಿಯಾಗಲಿ ಬಳಸಿಯಾಗಲಿ ಯಾರಿಗೂ ತಿಳಿಸೆನು ಎಂದು ದೇವರ ಹೆಸರಿನಲ್ಲೋ ಅಂತಃಸಾಕ್ಷಿಯ ಮೇಲೋ ಹೇಳಬೇಕು. ಗುಟ್ಟು ಪಾಪವೆಂಬ ಮಾತಿಗೆ ತಲೆಬಾಗಿ ಜೈಲಿಗೆ ಹೋದವರು, ಕೆಲವೇ ವರ್ಷದಲ್ಲಿ ಗುಟ್ಟು ಕಾಯುವೆನೆಂದು ಪ್ರಮಾಣಕ್ಕೆ ಬದ್ಧರಾದರು. ಅದೂ ಸುದ್ದಿಯ ಖಾತೆಯಲ್ಲಿ ಕೂತು, ಪತ್ರಿಕೆ ನಡೆಸಿದ ಮನುಷ್ಯ.

ಇಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಮಂತ್ರಿ ಸಂಗತಿಯನ್ನು ಮುಚ್ಚಿಡುತ್ತಾನೆ, ತನ್ನನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ಮುಚ್ಚಿಟ್ಟದ್ದು ಕೆಟ್ಟದ್ದೆಂದು ನಾಳೆ ತಿಳಿದರೆ ಕೇಳುವುದಕ್ಕೆ ಒಂದು ಹೆಸರಿದೆ, ಸದನವಿದೆ, ಚುನಾವಣೆಯಿದೆ. ಪ್ರಕಾಶಕನ ಸಾಲು ಇಲ್ಲಿಯೂ ಅಚ್ಚಾಗಿದೆ. ವೈದ್ಯರು, ವಕೀಲರು, ತಪ್ಪೊಪ್ಪಿಗೆ ಕೇಳುವ ಪಾದ್ರಿಗಳು ಕಾಯುವ ಗುಟ್ಟೂ ಇದೇ ಬಗೆಯದು.

ರಾಜ್ಯಪಾಲರ ಪದವಿಯೇ ನನಗೆ ಕಷ್ಟವಾಗುವುದು. ಅವರ ಪ್ರಮಾಣವಚನದಲ್ಲಿ ಗೋಪ್ಯತೆಯ ಮಾತಿಲ್ಲ. 159ನೆಯ ವಿಧಿ ಹೇಳುವುದು ಸಂವಿಧಾನವನ್ನು ಕಾಪಾಡುವೆನು, ಜನರ ಸೇವೆ ಮತ್ತು ಒಳಿತಿಗೆ ನನ್ನನ್ನು ಕೊಟ್ಟುಕೊಳ್ಳುವೆನು ಎಂದು. ಆದರೆ ನಡೆವಳಿಕೆಯಲ್ಲಿ ಅವರಷ್ಟು ಬಾಯಿ ಕಟ್ಟಿಸಿಕೊಂಡವರು ಇನ್ನಿಲ್ಲ. ಶಾಸಕಾಂಗದ ಅಧಿವೇಶನದಲ್ಲಿ ಅವರು ಓದುವ ಭಾಷಣ ಮಂತ್ರಿಮಂಡಲ ಬರೆದದ್ದು. ಮುಖ್ಯಮಂತ್ರಿ ಶ್ರೀಕೃಷ್ಣ ಸಿನ್ಹಾ ಅವರ ಸರಕಾರ ಬರೆದುಕೊಟ್ಟದ್ದನ್ನು ದಿವಾಕರರು ‘ನನ್ನ ಸರಕಾರ’ ಎಂದು ಓದಬೇಕು. ಯಾರಿಗೂ ಮೋಸವಿಲ್ಲ ನಿಜ. ಮಾತು ಯಾರದೆಂದು ಕೇಳುವವರಿಗೆಲ್ಲ ಗೊತ್ತು. ಆದರೆ ಅಧಿಕಾರದಲ್ಲಿ ಮಾಡಿದ ಕೆಲಸಕ್ಕೆ ಅವರು ನ್ಯಾಯಾಲಯಕ್ಕೆ ಉತ್ತರ ಹೇಳಬೇಕಿಲ್ಲ ಎಂದು 361ನೆಯ ವಿಧಿ ರಕ್ಷಣೆ ಕೊಡುತ್ತದೆ. ಹೆಸರು ಉಂಟು, ಕಹಿ ಫಲ ಮುಟ್ಟದು. ನನ್ನ ಅಳತೆಗೋಲು ಇಲ್ಲಿ ಸರಿಯಾಗಿ ಕೂಡುವುದಿಲ್ಲ.

1956ರ ನವೆಂಬರ್ 1ನ್ನೇ ನೋಡಿ. ಅಂದು ಕನ್ನಡನಾಡು ಒಂದಾಯಿತು. ಯಾವ ಪತ್ರಿಕೆಯ ಹೆಸರಿನಲ್ಲೇ ಆ ಹಂಬಲ ಅಚ್ಚಾಗಿತ್ತೋ ಅದನ್ನು ಬೆಳೆಸಿದವರು ಆ ದಿನ ಪಟ್ನಾದಲ್ಲಿ ಅಧಿಕಾರದಲ್ಲಿದ್ದರು. ಅದೇ ದಿನ ಪುರುಲಿಯಾ ಸೀಮೆ ಬಿಹಾರದಿಂದ ಪಶ್ಚಿಮ ಬಂಗಾಳಕ್ಕೆ ಹೋಯಿತು. ಅಲ್ಲಿಯ ಬಂಗಾಳಿ ಮಾತಿನ ಜನ ಬೇಡಿದ್ದೂ ಧಾರವಾಡದ ನಾವು ಬೇಡಿದ್ದೂ ಒಂದೇ, ನಮ್ಮ ಮಾತಿನವರ ಜೊತೆ ಇರಬೇಕೆಂದು. ಆದರೆ ದಿವಾಕರರು ಈಗ ನೆಲ ಕಳೆದುಕೊಳ್ಳುವ ರಾಜ್ಯದ ಮುಖ್ಯಸ್ಥರು. ಸಂಪಾದಕರಾಗಿದ್ದರೆ ಎರಡು ಕಾಲಮ್ಮಿನ ಅಗ್ರಲೇಖನ ಬರೆಯುತ್ತಿದ್ದರೇನೋ. ಆ ಕುರ್ಚಿಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಇಂಥ ಮೌನ ಸತ್ಯಕ್ಕೆ ವಿರೋಧವಲ್ಲ ಎಂದು ವಾದಿಸಬಲ್ಲೆ. ಬರೆಯುವ ಮನುಷ್ಯನಿಗೆ ಅದು ತಕ್ಕದ್ದೇ ಎಂದರೆ ಹೌದೆನ್ನಲಾರೆ.

ಸಮಾಧಾನಕ್ಕೆ ಕಲ್ಯಾಣವನ್ನು ನೆನೆಯುತ್ತೇನೆ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಕ್ತರು ಅರಮನೆಯ ಲೆಕ್ಕ ಬರೆಯಬಾರದೆಂದು ಶರಣರು ಹೇಳಲಿಲ್ಲ. ಬಿಡುವ ಹೊತ್ತು ಬಂದಾಗ ಬಸವಣ್ಣನವರು ಪದವಿಗೆ ಅಂಟಿಕೊಂಡು ಕೂಡಲಿಲ್ಲ, ಕೂಡಲಸಂಗಮದ ದಾರಿ ಹಿಡಿದರು. ‘ವಚನಶಾಸ್ತ್ರ ರಹಸ್ಯ’ ಬರೆದ ದಿವಾಕರರಿಗೆ ಇದು ತಿಳಿಯದ ಸಂಗತಿಯಲ್ಲ. 1957ರ ಜುಲೈನಲ್ಲಿ ಅವರು ರಾಜಭವನ ಬಿಟ್ಟರು, ಝಾಕಿರ್ ಹುಸೇನರು ಆ ಸ್ಥಾನಕ್ಕೆ ಬಂದರು. ದಿವಾಕರರು ಹಿಡಿದ ದಾರಿ ಗಾಂಧಿ ಸ್ಮಾರಕ ನಿಧಿ ಮತ್ತು ಗಾಂಧಿ ಶಾಂತಿ ಪ್ರತಿಷ್ಠಾನದ್ದು. ಸತ್ಯಾಗ್ರಹದ ಮೇಲೆ ಬರೆಯುವ ಕೆಲಸದ್ದು. ಐದು ವರ್ಷ ಬೇರೆಯವರ ಮಾತು ಓದಿದವರು ಮತ್ತೆ ತಮ್ಮ ಹೆಸರಿನಲ್ಲಿ ತಮ್ಮ ಮಾತು ಹೇಳುವ ಬದುಕಿಗೆ ಬಂದರು. 1990ರ ಜನವರಿಯಲ್ಲಿ ತೀರಿಕೊಳ್ಳುವಾಗ ಅವರಿಗೆ 95 ವರ್ಷ.

ದಿವಾಕರರ ಹೆಸರು ಪುಸ್ತಕಗಳಲ್ಲಿ ಭದ್ರವಾಗಿದೆ. ಅವರಂಥವರಿಗೆ ರೊಟ್ಟಿ ಕೊಟ್ಟು, ಬಾಗಿಲಲ್ಲಿ ನಿಂತು ಇಲ್ಲವೆಂದು ಹೇಳಿ, ದಂಡ ಕಟ್ಟಿದವರ ಹೆಸರು ಎಲ್ಲಿಯೂ ಇಲ್ಲ. ಧಾರವಾಡ, ಹಾವೇರಿ, ಗದಗ, ಬೆಳಗಾವಿ ಕಡೆಯ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಹಿರಿಯರು ಅಂಥವರಾಗಿದ್ದರೆ ಅವರ ಹೆಸರು, ಊರು, ಕಟ್ಟಿದ ದಂಡ, ಮಾರಿದ ಎತ್ತು, ಅಡವಿಟ್ಟ ಹೊಲ, ನೆನಪಿರುವಷ್ಟನ್ನು ಬರೆಯಿರಿ. ಊರಿನ ಗ್ರಂಥಾಲಯಕ್ಕೋ ಶಾಲೆಗೋ ಒಂದು ಪ್ರತಿ ಕೊಡಿ. ಕೇಳಿ ತಿಳಿಯುವುದಕ್ಕೆ ಹಿರಿಯರು ಇನ್ನೂ ಕೆಲವರು ಇದ್ದಾರೆ; ಈ ವರ್ಷವೇ ಕೇಳಿ.